ಸಾವಿನ ಮನೆಯ ಲೆನ್ಸಿನ ಮುಂದೆ ಅವ್ವ

ನಮ್ಮಪ್ಪನ ಹತ್ತಿರ ಎರಡು ಲೆನ್ಸುಗಳಿದ್ದವು. ಒಂದು ಮದುವೆ ಮನೆಗೆ, ಇನ್ನೊಂದು ಸಾವಿನ ಮನೆಗೆ. ಎರಡೂ ಹಳೆಯ ಜರ್ಮನ್ ಲೆನ್ಸುಗಳು, ಅಕ್ಕತಂಗಿಯರಂತೆ ಒಂದೇ ಅಳತೆ, ಒಂದೇ ತೂಕ. ಆದರೂ ಒಂದರ ಕೆಲಸವನ್ನು ಇನ್ನೊಂದು ಮಾಡುವಂತಿರಲಿಲ್ಲ.

ಅಪ್ಪನದು ಸೊರಬದ ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ಒಂದು ಸ್ಟುಡಿಯೋ. ಮುಂದೆ ಅಂಗಡಿ, ಹಿಂದೆ ಎರಡು ಕೋಣೆಯ ಮನೆ. ನಮ್ಮ ಕಡೆ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಮೀಯಿಸಿ, ವಿಭೂತಿ ಹಚ್ಚಿ, ಹೊಸ ಬಟ್ಟೆ ಉಡಿಸಿ, ಹೂಮಾಲೆ ಹಾಕಿ ಕೂರಿಸುತ್ತಾರೆ. ಮನೆಯವರೆಲ್ಲ ಸುತ್ತ ನಿಂತು ಒಂದು ಫೋಟೋ ತೆಗೆಸಿಕೊಳ್ಳುತ್ತಾರೆ. ಎಷ್ಟೋ ಮನೆಗಳಲ್ಲಿ ಹಿರಿಯರದೆಂದು ಇರುವ ಫೋಟೋ ಅದೊಂದೇ. ಅದನ್ನು ತೆಗೆಯಲು ಅಪ್ಪನಿಗೆ ಬಂದಳಿಕೆಯ ಕಡೆಯಿಂದ, ಗುಡವಿಯ ಕಡೆಯಿಂದ ಹೇಳಿಕಳಿಸುತ್ತಿದ್ದರು. ಮೊದಲು ಸೈಕಲ್ಲಿನಲ್ಲಿ ಹೋಗುತ್ತಿದ್ದ, ಆಮೇಲೆ ಲೂನಾ ಬಂತು.

ಒಂದು ಮದುವೆಯಲ್ಲಿ ಹುಡುಗಿಯ ತಂದೆ ಅಪ್ಪನನ್ನು ಚಪ್ಪರದ ಹೊರಗೇ ತಡೆದು ನಿಲ್ಲಿಸಿದನಂತೆ. "ಅಲ್ರೀ, ನಿನ್ನೆ ಹೆಣದ ಮುಂದೆ ಹಿಡಿದಿದ್ದನ್ನೇ ಇವತ್ತು ನಮ್ ಹುಡುಗಿ ಮುಂದೆ ಹಿಡೀತೀರೇನ್ರೀ?" ಅಪ್ಪ ಅಲ್ಲಿಂದಲೇ ಮನೆಗೆ ಬಂದ. ಮುಂದಿನ ಸಲ ಹುಬ್ಬಳ್ಳಿಗೆ ಹೋದಾಗ ಅಂಥದೇ ಇನ್ನೊಂದು ಲೆನ್ಸು ತಂದು, ಹಳೆಯದಕ್ಕೆ ಕಪ್ಪು ದಾರ ಕಟ್ಟಿದ. ಅಲ್ಲಿಂದ ಯಾರು ಕೇಳಿದರೂ ಒಂದೇ ಮಾತು: "ಡಬ್ಬಿ ಒಂದೇ ಆದ್ರೂ ಕಣ್ಣು ಬ್ಯಾರೆ ಐತ್ರಿ." ಜನ ಒಪ್ಪಿದರು. ನಮ್ಮ ಜನಕ್ಕೆ ಏನೋ ಒಂದು ಸಮಾಧಾನ ಹೇಳಿದರೆ ಸಾಕು, ಅವರೂ ಪಾಪ ಮದುವೆ ಮುಗಿಸಬೇಕಲ್ಲ.

ಅಪ್ಪ ಸಾವಿನ ಮನೆಯಿಂದ ಬಂದರೆ ಅವ್ವ ಹಿತ್ತಲಲ್ಲೇ ತಡೆದು ತಲೆಯ ಮೇಲೆ ನೀರು ಸುರಿಯುತ್ತಿದ್ದಳು. ಲೆನ್ಸಿಗೆ ಸ್ನಾನ ಮಾಡಿಸಲು ಆಗುವುದಿಲ್ಲವಲ್ಲ, ಅದಕ್ಕೆ ಚೀಲದ ಮೇಲೆ ಗಂಜಲ ಚಿಮುಕಿಸುತ್ತಿದ್ದಳು. "ಏ ಇವಳೇ, ಗಾಜಿಗೆ ತಾಗೀತು!" ಎಂದು ಅಪ್ಪ ಒದ್ದೆ ಮೈಯಲ್ಲೇ ಕೂಗುತ್ತಿದ್ದ. "ತಾಗಿದ್ರೆ ತಾಗ್ಲಿ ಬಿಡ್ರಿ, ನಿಮ್ ಗಾಜಿಗಿಂತ ನನ್ ಮಕ್ಳು ಹೆಚ್ಚು" ಎಂದು ಅವ್ವ ಇನ್ನೂ ಎರಡು ಹನಿ ಜಾಸ್ತಿ ಚಿಮುಕಿಸುತ್ತಿದ್ದಳು. ಆ ಚೀಲವನ್ನು ಅವಳು ಕೊನೆಯವರೆಗೂ ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ. ಅದು ಡಾರ್ಕ್ ರೂಮಿನ ಹೊರಗೋಡೆಯ ಮೊಳೆಗೆ ನೇತಾಡುತ್ತಿತ್ತು.

ಅವ್ವ ಬಾಯಾಳಿ. ಈ ಮಾತನ್ನು ನಾನು ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ. ಒಂದು ಮಾತಿಗೆ ಒಂಬತ್ತು ಮಾತು, ಪ್ರತಿ ಮಾತಿಗೂ ಕೈ ಕುಣಿಯಬೇಕು, ಹುಬ್ಬು ಏರಬೇಕು, ನಡುನಡುವೆ ನಾಲಿಗೆ ಲೊಚಗುಟ್ಟಬೇಕು. ಸೊಪ್ಪು ಮಾರುವವಳ ಜೊತೆ ಜಗಳವಾಡಿ, ಅವಳನ್ನೇ ಕೂರಿಸಿ ಚಹಾ ಕೊಟ್ಟು, ಅವಳ ಸೊಸೆಯ ಹೆರಿಗೆಯ ಸುದ್ದಿ ಕೇಳಿ ಕಣ್ಣೀರು ಹಾಕಿ, ಕೊನೆಗೆ ಮತ್ತೆ ಸೊಪ್ಪು ಬಾಡಿದೆಯೆಂದು ಬಯ್ದು ಕಳಿಸುತ್ತಿದ್ದಳು. ಸ್ಟುಡಿಯೋದಲ್ಲೂ ಅವಳದೇ ದರ್ಬಾರು. ಬಂದವರ ತಲೆ ಬಾಚುವುದು, ಸೆರಗು ಸರಿಮಾಡುವುದು, ಅಳುವ ಕೂಸಿಗೆ ಗಿಲಕಿ ಆಡಿಸುವುದು ಎಲ್ಲ ಅವಳೇ. ಬೆಳಕು ಕಮ್ಮಿ, ಫಿಲಂ ನಿಧಾನ. ಮಿಸುಕಿದರೆ ಮುಖ ಎರಡಾಗಿ ಬರುತ್ತಿತ್ತು. ಅದಕ್ಕೇ ಅವಳು ಅಪ್ಪನ ಪಕ್ಕದಲ್ಲಿ ನಿಂತು ಊರಿಗೇ ಕೇಳುವಂತೆ, "ಅಲ್ಲಾಡಬ್ಯಾಡ್ರಿ! ಉಸ್ರು ಹಿಡೀರಿ! ಫಿಲಂ ದಂಡ ಆಗ್ತೈತೆ!" ಎಂದು ಗದರುತ್ತಿದ್ದಳು. ತಹಶೀಲ್ದಾರರ ಹೆಂಡತಿ ಬಂದರೂ ಅದೇ ಗದರಿಕೆ.

ನಾನು ಶಿಕಾರಿಪುರಕ್ಕೆ ಮದುವೆಯಾಗಿ ಬಂದವಳು. ಮೊದಲು ಮದುವೆ ವಿಡಿಯೋ ತೆಗೆಯುತ್ತಿದ್ದೆ. ಈಗ ಕೆಲವು ವರ್ಷಗಳಿಂದ ಬೇರೆ ಕೆಲಸ: ಫೋಟೋ ತೆಗೆಯಲೆಂದು ಮಾಡಿದ ಹಳೆಯ ಲೆನ್ಸುಗಳನ್ನು ಈಗಿನ ಸಿನಿಮಾ ಕ್ಯಾಮೆರಾಗಳಿಗೆ ಹೊಂದಿಸಿಕೊಡುವುದು. ಶಿವಮೊಗ್ಗ, ದಾವಣಗೆರೆಯ ಕಿರುಚಿತ್ರದ ಹುಡುಗರು ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿದ್ದನ್ನು, ಸಂತೆಯಲ್ಲಿ ಸಿಕ್ಕಿದ್ದನ್ನು ಬಸ್ಸಿನಲ್ಲಿ ಪಾರ್ಸೆಲ್ ಹಾಕುತ್ತಾರೆ. ಹೆಂಗಸು ಇದನ್ನೆಲ್ಲ ಬಿಚ್ಚುತ್ತಾಳಾ ಎಂದು ಒಬ್ಬ ಫೋನಿನಲ್ಲಿ ಕೇಳಿದ್ದ. ಮಿಕ್ಸಿ ಬಿಚ್ಚಿ ಕೂಡಿಸುವವರಿಗೆ ಇದೇನು ಮಹಾ ಎಂದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಅದು ಅವ್ವನ ಬಳುವಳಿ.

ಕೆಲಸ ಹೇಳಿದಷ್ಟು ಸಲೀಸಲ್ಲ. ಹಳೆಯ ಲೆನ್ಸು ಹೊಸ ಕ್ಯಾಮೆರಾದ ಬಾಯಿಗೆ ಕೂರುವುದಿಲ್ಲ, ನಡುವೆ ಒಂದು ಹಿತ್ತಾಳೆಯ ಬಳೆ ಬೇಕು. ಅದನ್ನು ಟ್ರ್ಯಾಕ್ಟರ್ ಬುಷ್ ಮಾಡುವ ನಮ್ಮೂರಿನ ಲೇತ್ ಅಂಗಡಿಯಲ್ಲಿ ಕಡೆಸುತ್ತೇನೆ. ಆ ಬಳೆಯ ದಪ್ಪ ಕೂದಲೆಳೆಯಷ್ಟು ತಪ್ಪಿದರೂ ದೂರದ್ದೆಲ್ಲ ಮಸುಕು. ಒಳಗೆ ಒಣಗಿ ಅಂಟಾದ ಗ್ರೀಸ್ ತೆಗೆಯಬೇಕು, ಗಾಜಿನ ಮೇಲೆ ಕೂತ ಬೂಷ್ಟು ಒರೆಸಬೇಕು. ಬೆಳಕಿನ ಬಾಯಿ ಹಿರಿದು ಕಿರಿದು ಮಾಡುವ ಬಳೆ ತಿರುಗಿಸಿದಾಗ ಟಿಕ್ ಟಿಕ್ ಎನ್ನುತ್ತದೆ. ಒಳಗಿರುವ ಸಾಸಿವೆ ಕಾಳಿಗಿಂತ ಚಿಕ್ಕ ಉಕ್ಕಿನ ಗುಂಡಿನಿಂದ ಬರುವ ಸದ್ದು ಅದು. ಫೋಟೋಗೆ ಅದು ಬೇಕು, ಸಿನಿಮಾಗೆ ಬೇಡ. ಸಿನಿಮಾದಲ್ಲಿ ಬೆಳಕು ಜರ್ಕು ಹೊಡೆಯದೆ ಏರಿಳಿಯಬೇಕು, ಹಾಗಾಗಿ ಗುಂಡನ್ನು ತೆಗೆಯುತ್ತೇನೆ. ಕೊನೆಗೆ ಫೋಕಸ್ ತಿರುಗಿಸಲು ಸುತ್ತ ಒಂದು ಹಲ್ಲಿನ ಬಳೆ ಹಾಕಿದರೆ ಮುಗಿಯಿತು.

ಇಷ್ಟೆಲ್ಲ ಯಾಕೆ, ಹೊಸ ಲೆನ್ಸು ಸಿಗುವುದಿಲ್ಲವೇ ಎಂದರೆ, ಸಿಗುತ್ತದೆ. ಹೊಸ ಲೆನ್ಸು ಜಿಪುಣ ನಾದಿನಿಯ ಹಾಗೆ ಎಲ್ಲ ಕೊರತೆಯನ್ನೂ ಎಣಿಸಿ ತೋರಿಸುತ್ತದೆ. ಹಳೆಯದಕ್ಕೆ ಅಷ್ಟು ಕಣ್ಣು ಕಾಣುವುದಿಲ್ಲ. ಅದಕ್ಕೆ ಮುಖ ಮುಖ್ಯ, ಮುಖದ ಮೇಲಿನ ರಂಧ್ರವಲ್ಲ.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅವ್ವನಿಗೆ ಊಟ ಸೇರದಾಯಿತು. ಗ್ಯಾಸು ಎಂದಳು, ಪಿತ್ತ ಎಂದಳು, ತಾನೇ ಕಷಾಯ ಮಾಡಿಕೊಂಡಳು. ಶಿವಮೊಗ್ಗಕ್ಕೆ ಕರೆದುಕೊಂಡು ಹೋದಾಗ ಡಾಕ್ಟರು ಅವಳನ್ನು ಹೊರಗೆ ಕೂರಿಸಿ ನನ್ನನ್ನೂ ಅಪ್ಪನನ್ನೂ ಒಳಗೆ ಕರೆದರು. ತಡವಾಗಿದೆ, ಕುಯ್ಯುವ ಹಂತ ದಾಟಿದೆ, ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ ಎಂದರು. ವಾಪಸ್ಸು ಬರುವಾಗ ಅವ್ವ ಕಿಟಕಿಯ ಪಕ್ಕ ಕೂತು, ಆ ನರ್ಸಿಗೆ ಜಡೆ ಹಾಕಿಕೊಳ್ಳಲು ಬರುವುದಿಲ್ಲವೆಂದು ಆಡಿಕೊಳ್ಳುತ್ತಲೇ ಇದ್ದಳು. ಅವಳಿಗೆ ಹೇಳುವುದು ಬೇಡವೆಂದು ನಾವಿಬ್ಬರೂ ಗೊತ್ತುಮಾಡಿಕೊಂಡೆವು.

ನನಗೆ ಆಗ ಹಿಡಿದ ಹುಚ್ಚು ಒಂದೇ. ಅವ್ವನನ್ನು ತೆಗೆದಿಟ್ಟುಕೊಳ್ಳಬೇಕು. ಫೋಟೋ ಅಲ್ಲ. ಫೋಟೋದಲ್ಲಿ ಅವ್ವ ಎಲ್ಲಿರುತ್ತಾಳೆ? ಅವಳ ಕೈ ಕುಣಿಯುವುದು ಬೇಕು, ಬಯ್ಯುವುದು ಬೇಕು, ಬಯ್ಯುತ್ತ ಬಯ್ಯುತ್ತ ನಗು ಬಂದು ಸೆರಗು ಬಾಯಿಗೆ ಅಡ್ಡ ಇಟ್ಟುಕೊಳ್ಳುವುದು ಬೇಕು. ಊರಿನವರ ಮದುವೆಗಳನ್ನೆಲ್ಲ ತೆಗೆದು ರಾಶಿ ಹಾಕಿದ್ದೆ, ಅವ್ವ ಅದರಲ್ಲಿ ಎಲ್ಲೂ ಇರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಹಾಗೆ.

ಒಂದು ಭಾನುವಾರ ನನ್ನ ಹೊಸ ಲೆನ್ಸಿನಲ್ಲಿ ಸ್ವಲ್ಪ ತೆಗೆದು ತೋರಿಸಿದೆ. ಅವ್ವ ನೋಡಿದಳು, ನೋಡಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಕೆನ್ನೆಯ ಗುಂಡಿ, ಕಣ್ಣಿನ ಸುತ್ತ ಕಪ್ಪು, ಸಡಿಲಾದ ಚರ್ಮ ಎಲ್ಲ ಒಂದೊಂದಾಗಿ ಬಂದಿದ್ದವು. "ಇದ್ಯಾರೇ ಮಾರಾಯ್ತಿ? ಅಳಿಸು. ನನ್ ಮುಖ ಇಲ್ಲ ಅದ್ರಾಗೆ" ಎಂದಳು. ಅಳಿಸಿದೆ.

ಆಗ ನೆನಪಾದದ್ದು ಅಪ್ಪನ ಲೆನ್ಸು. ಮದುವೆಯದು ಯಾವತ್ತೋ ಸವೆದು, ಗಾಜು ಗೀರಿ, ಗುಜರಿಗೆ ಹೋಗಿತ್ತು. ಉಳಿದದ್ದು ಕಪ್ಪು ದಾರದ್ದು. ಅಪ್ಪನನ್ನು ಕೇಳಿ ಶಿಕಾರಿಪುರಕ್ಕೆ ತಂದೆ. ಯಾರಿಗೆ, ಯಾತಕ್ಕೆ ಎಂದು ಅವನು ಕೇಳಲಿಲ್ಲ. ಗಿರಾಕಿಗೆ ಇರಬೇಕು ಎಂದುಕೊಂಡಿದ್ದ. ಬಿಚ್ಚಿ ನೋಡಿದರೆ ಗಾಜು ನಿನ್ನೆ ಮಾಡಿದಂತಿತ್ತು. ಬಳೆ ಕಡೆಸಿದೆ, ಗ್ರೀಸ್ ಬದಲಿಸಿದೆ, ಗುಂಡು ತೆಗೆದೆ. ಕಿಟಕಿಯಲ್ಲಿಟ್ಟು ಎದುರು ಮನೆಯ ಅಜ್ಜಿಯ ಕಡೆ ತಿರುಗಿಸಿದೆ. ಹೊಸ ಲೆನ್ಸಿನಲ್ಲಿ ಕಾಣದ ಒಂದು ಕರುಣೆ ಅದಕ್ಕಿತ್ತು. ಇನ್ನು ನಮ್ಮವ್ವ ಬರುತ್ತಾಳೆ ಎಂದು ನಾನೊಬ್ಬಳೇ ಕೋಣೆಯಲ್ಲಿ ಕೂತು ನಕ್ಕೆ.

ಸೊರಬಕ್ಕೆ ಹೋಗಿ ಕ್ಯಾಮೆರಾ ಹೊರತೆಗೆದಾಗ ಅಪ್ಪ ಬಳೆಯನ್ನು ತಿರುಗಿಸಿ ನೋಡಿದ. ಸದ್ದಿಲ್ಲ. "ಮಾತೇ ಕಿತ್ತುಬಿಟ್ಯಲ್ಲೇ ಇದ್ರದ್ದು" ಎಂದ. ಅವ್ವನಿಗೆಂದು ಗೊತ್ತಾದಾಗ ಮುಖ ಬಿಳಿಚಿಕೊಂಡಿತು. ನನ್ನನ್ನು ಹಿಂದಿನ ಪರದೆಯ ಮರೆಗೆ ಎಳೆದುಕೊಂಡು ಹೋದ. ಕೆರೆ, ಮೆಟ್ಟಿಲು, ಎರಡು ಹಂಸ ಬರೆದ ಆ ಪರದೆ ಇನ್ನೂ ಅಲ್ಲೇ ಇತ್ತು.

"ಬ್ಯಾಡ ಮಗಾ. ಕಪ್ಪು ದಾರ ಕಟ್ಟಿದಾಗಿಂದ ಈ ಕಣ್ಣು ಕುರ್ಚಿ ಮ್ಯಾಲೆ ಕೂರಿಸಿದೋರಲ್ಲಿ ಒಬ್ರನ್ನೂ ಉಸಿರಿರೋರನ್ನ ನೋಡಿಲ್ಲ. ಇದ್ರ ಮುಂದೆ ನಿಮ್ಮವ್ವನ್ನ ಕೂರಿಸ್ತೀಯಾ?"

"ಗಾಜಿಗೇನು ಗೊತ್ತಪ್ಪಾ ಸತ್ತೋರು ಬದುಕಿದೋರು?"

"ಗಾಜಿಗೆ ಗೊತ್ತಿಲ್ಲ. ನಂಗೆ ಗೊತ್ತೈತಲ್ಲ. ನಾ ಹೆಂಗೆ ನೋಡ್ಲಿ ಇದ್ರಾಗೆ ಆಕೀನ?"

ನಾನು ಸಿಟ್ಟಿನಲ್ಲಿ ಏನೋ ಅಂದೆ. ಆಮೇಲೆ ಇಬ್ಬರಿಗೂ ಅಳು ಬಂತು. ಅಪ್ಪ ಅಳುವುದನ್ನು ನಾನು ಆವರೆಗೆ ನೋಡಿರಲಿಲ್ಲ. ಪರದೆಯ ಆಚೆಯಿಂದ ಅವ್ವನ ದನಿ ಬಂತು.

"ಏನ್ರೀ ಅದು ಪಿಸಿಪಿಸಿ? ನಂಗೇನು ಕಿವಿ ಕೇಳಲ್ಲ ಅಂತ ಮಾಡೀರೇನು?" ಅವಳು ಗೋಡೆ ಹಿಡಿದುಕೊಂಡು ಬಂದು ಸ್ಟೂಲಿನ ಮೇಲೆ ಕೂತಿದ್ದಳು. "ಸತ್ ಮ್ಯಾಲೆ ಹೆಂಗೂ ಕೂರಿಸ್ತೀರಿ. ಆವಾಗ ನಂಗೇನು ಗೊತ್ತಾಗ್ತೈತೆ, ಚೆಂದ ಬಂತೋ ಇಲ್ವೋ? ಬದುಕಿದ್ದಾಗ್ಲೇ ಒಂದ್ಸಲ ಕೂರ್ತೀನಿ ಬಿಡ್ರಿ. ಶಿವಮೊಗ್ಗದ ಡಾಕ್ಟ್ರು ನಿಮ್ಮಿಬ್ರನ್ನೇ ಒಳಗೆ ಕರ್ದಾಗ್ಲೇ ನಂಗೆ ತಿಳೀತು. ಅಷ್ಟೂ ದಡ್ಡಿ ಅಲ್ಲ ನಾನು."

ನಾವಿಬ್ಬರೂ ಹಂಸಗಳ ಹಿಂದೆ ಕಳ್ಳರಂತೆ ನಿಂತಿದ್ದೆವು.

ಅಪ್ಪ ಕಣ್ಣೊರೆಸಿಕೊಂಡು ಹೊರಬಂದ. ಅಂಗಡಿಯ ಶಟರ್ ಪೂರ್ತಿ ಮೇಲಕ್ಕೆ ಎತ್ತಿದ. ಬೆಳಗಿನ ಬೆಳಕು ಒಳಗೆ ಬಂತು. ತಾನೇ ಬಾಚಣಿಗೆ ತಂದು ಅವ್ವನ ಕೂದಲು ಸರಿಮಾಡಿದ. ಬೇರೆಯವರಿಗೆ ಅವ್ವ ಮಾಡುತ್ತಿದ್ದ ಕೆಲಸ ಅದು. ಅವನ ಕೈಗೆ ಬರುತ್ತಿರಲಿಲ್ಲ. ಬೈತಲೆ ಸೊಟ್ಟವಾಯಿತು. ಅವ್ವ ಸುಮ್ಮನೆ ಕಣ್ಣು ಮುಚ್ಚಿಕೊಂಡು ತಲೆ ಕೊಟ್ಟಳು. ನಾನು ಕ್ಯಾಮೆರಾ ನಿಲ್ಲಿಸಿ ಫೋಕಸ್ ಹಿಡಿದೆ. ಕ್ಯಾಮೆರಾದ ಪುಟ್ಟ ಪರದೆಯ ಮೇಲೆ ಅವ್ವ ಬಂದಳು. ಕೆನ್ನೆಯ ಗುಂಡಿಗಳು ಮೆತ್ತಗಾಗಿದ್ದವು, ಕಣ್ಣಲ್ಲಿ ಬೆಳಕಿತ್ತು, ಅಂಚುಗಳು ಹಾಲಿನ ಕೆನೆಯಂತೆ ಕರಗಿದ್ದವು. ನನ್ನ ಅವ್ವನೇ, ಕಾಯಿಲೆಗೆ ಮುಂಚಿನವಳು. ರೆಕಾರ್ಡ್ ಒತ್ತಿದೆ.

"ಹೂಂ, ಮಾತಾಡವ್ವ."

ಅವ್ವ ಮಾತಾಡಲಿಲ್ಲ. ಬೆನ್ನು ನೆಟ್ಟಗೆ ಮಾಡಿದಳು, ಎರಡು ಕೈಯನ್ನೂ ಮೊಣಕಾಲ ಮೇಲಿಟ್ಟಳು, ಲೆನ್ಸಿನ ನಟ್ಟನಡುವೆ ಕಣ್ಣು ನೆಟ್ಟಳು. ನನ್ನ ಹಿಂದಿನಿಂದ ಅಪ್ಪನ ದನಿ, ಮೈಮೇಲೆ ಬಂದವರ ಹಾಗೆ: "ಗದ್ದ ಚೂರು ಕೆಳಗೆ. ಹಾಂ. ಸಾಕು. ಅಲ್ಲಾಡಬ್ಯಾಡ."

"ಅಪ್ಪಾ, ಇದು ಫೋಟೋ ಅಲ್ಲ! ಅವ್ವಾ, ಅಲ್ಲಾಡವ್ವ, ಏನಾದ್ರೂ ಬಯ್ಯಿ, ಆ ಸೊಪ್ಪಿನೋಳ ಕತೆ ಹೇಳು!"

ಯಾರು ಕೇಳಬೇಕು? ಇಬ್ಬರೂ ಅವರವರ ಜಾಗ ಸೇರಿಕೊಂಡಿದ್ದರು. ಜೀವಮಾನವಿಡೀ ಊರಿಗೆಲ್ಲ ಅಲ್ಲಾಡಬೇಡಿ ಎಂದು ಗದರಿದವಳು ತನ್ನ ಸರದಿ ಬಂದಾಗ ಅಲ್ಲಾಡುತ್ತಾಳೆಯೇ? ಉಸಿರು ಹಿಡಿದಳು. ನಾನು ಬೇಡಿಕೊಂಡೆ, ಗದರಿದೆ, ಹಾಸ್ಯ ಮಾಡಿದೆ. ರೆಪ್ಪೆ ಸಹ ಬಡಿಯಲಿಲ್ಲ. ತುಟಿ ಬಿಗಿದಿತ್ತು. ಕೊನೆಗೆ ಹಿಡಿದ ಉಸಿರು ತಾಳದಾದಾಗ, ಕಣ್ಣು ಅಲುಗಿಸದೆ, ತುಟಿಯನ್ನಷ್ಟೇ ತೆರೆದು ಅಪ್ಪನನ್ನು ಕೇಳಿದಳು: "ಆತೇನ್ರೀ?"

"ಆತು, ಏಳು" ಎಂದ ಅಪ್ಪ.

ಉಸ್ಸೆಂದು ಉಸಿರು ಬಿಟ್ಟು ಎದ್ದು ಬಂದಳು. ಆಮೇಲೆ ಬಾಯಿ ಬಂತು ನೋಡಿ! "ಚೆಂದ ಬಂತಾ? ತೋರ್ಸು. ನಾ ಒಂಚೂರೂ ಅಲ್ಲಾಡ್ಲಿಲ್ಲ ನೋಡು. ನೀ ಏನು ಕುಣುದ್ರೂ ಅಲ್ಲಾಡ್ಲಿಲ್ಲ. ನಿಮ್ಮಪ್ಪನ ಸ್ಟುಡಿಯೋಕ್ಕೆ ನನ್ನಂಥ ಗಿರಾಕಿ ಒಬ್ಳೂ ಬಂದಿರ್ಲಿಲ್ಲ." ಕೈ ಕುಣಿಯುತ್ತಿತ್ತು, ಹುಬ್ಬು ಏರುತ್ತಿತ್ತು. ಅವಳು ಎದ್ದ ಕೂಡಲೇ ಬೇಸರಕ್ಕೆ ನಾನು ರೆಕಾರ್ಡ್ ನಿಲ್ಲಿಸಿಬಿಟ್ಟಿದ್ದೆ, ಕ್ಯಾಮೆರಾ ಖಾಲಿ ಸ್ಟೂಲಿನ ಕಡೆ ಮುಖ ಮಾಡಿತ್ತು. ತೆಗೆದದ್ದನ್ನು ತೋರಿಸಿದಾಗ ಅವ್ವ ಹಿಗ್ಗಿದಳು. "ಹಾಂ, ಇದು ನಾನು" ಎಂದಳು. ನಾನು ತಲೆ ಚಚ್ಚಿಕೊಂಡೆ. ಇರಲಿ, ಮುಂದಿನ ವಾರ ಉಡುತಡಿಯ ಅವಳ ತವರಿಗೆ ಕರೆದುಕೊಂಡು ಹೋಗಿ, ಅತ್ತಿಗೆಯರ ಜೊತೆ ಹರಟೆಗೆ ಕೂರಿಸಿ, ಅವಳಿಗೆ ತಿಳಿಯದ ಹಾಗೆ ತೆಗೆಯುತ್ತೇನೆ ಎಂದುಕೊಂಡೆ.

ಮುಂದಿನ ವಾರ ಜ್ವರ ಬಂತು. ಆಮೇಲೆ ಹಾಸಿಗೆ ಬಿಟ್ಟು ಏಳಲಿಲ್ಲ. ಮಾತು ದಿನದಿನಕ್ಕೂ ಕಮ್ಮಿಯಾಗಿ, ಕಡೆಗೆ ನೀರು ಎನ್ನುವುದೂ ಕೈಸನ್ನೆಯಾಯಿತು. ಆ ಸ್ಥಿತಿಯಲ್ಲಿ ಕ್ಯಾಮೆರಾ ಹಿಡಿಯಲು ನನಗೆ ಮನಸ್ಸು ಬರಲಿಲ್ಲ. ಒಂದು ಮಧ್ಯಾಹ್ನ, ಅಪ್ಪ ಹಣೆಗೆ ಒದ್ದೆ ಬಟ್ಟೆ ಇಡುತ್ತಿದ್ದಾಗಲೇ, ಹೋದಳು.

ಕುರ್ಚಿಯ ಮೇಲೆ ಕೂರಿಸಿದರು. ವಿಭೂತಿ ಹಚ್ಚಿದರು, ಹಸಿರು ಸೀರೆ ಉಡಿಸಿದರು, ಸೇವಂತಿಗೆ ಮಾಲೆ ಹಾಕಿದರು. ಸುತ್ತ ನಿಂತವರು ಫೋನುಗಳಲ್ಲಿ ತೆಗೆಯುತ್ತಿದ್ದರು. ಸೋದರಮಾವ ಅಪ್ಪನ ಹತ್ತಿರ ಬಂದು, "ಭಾವ, ಊರೋರದ್ದೆಲ್ಲ ತೆಗ್ದೀರಿ. ಅಕ್ಕಂದು ನೀವೇ ಒಂದು ತೆಗೀರಿ. ಆ ಲೆನ್ಸು ಐತಂತಲ್ಲ" ಎಂದ. ಎಲ್ಲರೂ ಹೌದು ಹೌದು ಎಂದರು. ಅಪ್ಪ ಗೋಡೆಗೆ ಒರಗಿ ಕೂತವನು ತಲೆ ಎತ್ತಲಿಲ್ಲ.

"ಅದ್ರಾಗೆ ಆಕಿ ಬದುಕಿದ್ದಾಳೆ. ಇನ್ನು ಅದ್ರಾಗೆ ಹೆಣ ತೆಗಿಯಲ್ಲ" ಎಂದ.

ತಿಥಿ ಮುಗಿಸಿ ಶಿಕಾರಿಪುರಕ್ಕೆ ಬಂದಮೇಲೆ ನಾನು ಅವತ್ತು ತೆಗೆದ ಆ ವಿಡಿಯೋ ಚೂರನ್ನು ನೋಡಿದೆ. ಎಷ್ಟು ಸಲ ನೋಡಿದೆನೋ. ನೋಡಿದವರು ಯಾರೂ ಅದನ್ನು ಸಿನಿಮಾ ಎನ್ನುವುದಿಲ್ಲ. ಅವ್ವ ಕಲ್ಲಿನಂತೆ ಕೂತಿದ್ದಾಳೆ. ನನ್ನ ಕೂಗಾಟ ಕೇಳುತ್ತದೆ, ರಸ್ತೆಯಲ್ಲಿ ಬಸ್ಸು ಹೋದದ್ದು ಕೇಳುತ್ತದೆ, ಕೊನೆಯ ಆ ಒಂದು ಪ್ರಶ್ನೆ ಬಿಟ್ಟರೆ ಅವಳ ದನಿ ಇಲ್ಲ. ದೊಡ್ಡದು ಮಾಡಿ ಹುಡುಕಿದೆ. ಗಾಳಿಗೆ ಹಿಂದಿನ ಹಂಸದ ಪರದೆಯ ಮೂಲೆ ಅಲುಗುತ್ತದೆ. ಕಿವಿಯ ಓಲೆ ಒಂದಿಷ್ಟು ತೂಗುತ್ತದೆ. ಕತ್ತಿನ ಬಲಗಡೆ ಒಂದು ನರ ಮಿಡಿಯುತ್ತದೆ. ಅದನ್ನು ಕಂಡ ದಿನ ನಾನು ಟೇಬಲ್ಲಿನ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತೆ. ಅಷ್ಟೇ ನನಗೆ ಸಿಕ್ಕಿದ್ದು. ಊರಲ್ಲೆಲ್ಲ ಮಾತಾಡಿದವಳು ನನ್ನ ಪಾಲಿಗೆ ಒಂದು ನರವಷ್ಟೇ ಆಗಿ ಉಳಿದಳು. ಅವಳ ಮೇಲೆ ಸಿಟ್ಟೂ ಬಂತು. ಸತ್ತವರ ಮೇಲೆ ಸಿಟ್ಟು ಮಾಡಬಾರದು ಎನ್ನುತ್ತಾರೆ. ಬರುತ್ತದೆ, ಏನು ಮಾಡಲಿ?

ಅಪ್ಪನಿಗೂ ಅದನ್ನು ಒಂದು ಟ್ಯಾಬ್‌ನಲ್ಲಿ ಹಾಕಿಕೊಟ್ಟೆ. ನನ್ನ ಜೊತೆ ಬಂದಿರು ಎಂದರೆ, ಸ್ಟುಡಿಯೋ ಬಿಟ್ಟು ಬರಲ್ಲ ಎಂದ. ಎರಡು ವಾರ ಬಿಟ್ಟು ಹೋದಾಗ ನನ್ನನ್ನು ಕೂರಿಸಿಕೊಂಡು ಕೇಳಿದ.

"ನಿಂಗೆ ಕತ್ತರಿಸೋಕೆ ಬರ್ತೈತಲ್ಲ ಇದನ್ನ?"

"ಬರ್ತೈತೆ. ಯಾವ್ದನ್ನ ತೆಗೀಬೇಕು?"

"ಕೊನೀಗೆ ನಾ 'ಆತು, ಏಳು' ಅಂತೀನಲ್ಲ, ಅದನ್ನ. ಅದನ್ನ ತೆಗ್ದುಬಿಡು ಮಗಾ. ನಾ ಯಾಕಾದ್ರೂ ಅಂದೆ."

ಅಲ್ಲೇ ಕೂತು ತೆಗೆದೆ. ಈಗ ಅದು ಅವ್ವನ ಪ್ರಶ್ನೆಯೊಂದಿಗೆ ನಿಲ್ಲುತ್ತದೆ, ನಿಂತು ಮತ್ತೆ ಮೊದಲಿಂದ ಶುರುವಾಗುತ್ತದೆ. ಅವಳು ಏಳುವುದಿಲ್ಲ, ಖಾಲಿ ಸ್ಟೂಲು ಬರುವುದಿಲ್ಲ.

ಹೋದ ವಾರ ಹೇಳದೆ ಸೊರಬಕ್ಕೆ ಹೋದೆ. ಬಿಸಿಲು ಏರಿತ್ತು, ಶಟರ್ ಅರ್ಧ ಎಳೆದಿತ್ತು. ಬಗ್ಗಿ ಒಳಗೆ ಕಾಲಿಡುವಾಗ ಮಾತು ಕೇಳಿಸಿತು. ಅಪ್ಪ ಟ್ಯಾಬನ್ನು ಸ್ಟೂಲಿನ ಮೇಲೆ ನಿಲ್ಲಿಸಿಕೊಂಡು, ಕ್ಯಾಮೆರಾದ ಹಿಂದೆ ನಿಲ್ಲುತ್ತಿದ್ದ ಜಾಗದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ನಾನು ಬಂದದ್ದು ಅವನಿಗೆ ಗೊತ್ತಾಗಲಿಲ್ಲ.

"ಆತೇನ್ರೀ?" ಎಂದಳು ಅವ್ವ.

"ಇನ್ನೂ ಇಲ್ಲ" ಎಂದ ಅಪ್ಪ. "ಕೂರು."